ಕೋಟೆ ಅಳಿಯಿತು, ದೇವಾಲಯ ಉಳಿಯಿತು

ಕೊಚ್ಚಿಗೆ ಪ್ರವಾಸ ಹೋಗುವ ನಮ್ಮ ಕುಟುಂಬಗಳು ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ದೇವಾಲಯವನ್ನು ನೋಡದೆ ಮರಳುವುದು ವಿರಳ. ವಾಸ್ಕೋ ಡ ಗಾಮನ ಸಮಾಧಿಯ ಕಲ್ಲನ್ನು ಕಂಡು ಹೊರಬರುವಾಗ ಕೆಲವರಾದರೂ 'ಇದು ಒಂದು ಕಾಲಕ್ಕೆ ನಮ್ಮದಾಗಿತ್ತಲ್ಲವೇ?' ಎಂದು ನಿಟ್ಟುಸಿರು ಬಿಡುವುದುಂಟು. ಈ ನಿಟ್ಟುಸಿರು ಎಷ್ಟರಮಟ್ಟಿಗೆ ಸಮಂಜಸ?

1503ರಲ್ಲಿ ಪೋರ್ತುಗೀಸರು ಕೊಚ್ಚಿಯ ಅರಸನ ಅನುಮತಿ ಪಡೆದು ಕೋಟೆ ಕಟ್ಟಿದಾಗ, ಅದರೊಳಗೆ ಮರದ ಚಿಕ್ಕ ದೇವಾಲಯವೊಂದು ಎದ್ದಿತು. 1516ರ ವೇಳೆಗೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಅದನ್ನು ಇಟ್ಟಿಗೆ ಗಾರೆಗಳಿಂದ ಮರಳಿ ಕಟ್ಟಿ ಸಂತ ಅಂತೋನಿಯವರಿಗೆ ಅರ್ಪಿಸಿದರು. ಕೋಟೆಯ ಸೈನಿಕರು, ಅಧಿಕಾರಿಗಳು, ವರ್ತಕರು ಅಲ್ಲಿ ಬಲಿಪೂಜೆಯಲ್ಲಿ ಭಾಗವಹಿಸಿದರು. 1524ರ ಕ್ರಿಸ್ತಜಯಂತಿಯ ಮುನ್ನಾದಿನ ಕೊಚ್ಚಿಯಲ್ಲಿ ಮಡಿದ ಗಾಮನನ್ನು ಅಲ್ಲೇ ಹೂಳಲಾಯಿತು. ಸುಮಾರು ಹದಿನಾಲ್ಕು ವರ್ಷಗಳ ಬಳಿಕ ಆತನ ಅಸ್ಥಿಗಳನ್ನು ಪೋರ್ತುಗಲ್ಲಿಗೆ ಒಯ್ದರು.

1663ರಲ್ಲಿ ಡಚ್ಚರು ಕೋಟೆಯನ್ನು ಗೆದ್ದರು. ಕೋಟೆಯೊಳಗಿನ ಇತರ ಕಥೋಲಿಕ ದೇವಾಲಯಗಳು ನೆಲಸಮವಾದವು. ಇದನ್ನು ಮಾತ್ರ ತಮ್ಮ ಪ್ರಾಟೆಸ್ಟೆಂಟ್ ಆರಾಧನೆಗೆ ಉಳಿಸಿಕೊಂಡರು. ಸಾಂತಾ ಕ್ರೂಜ್ ಪ್ರಧಾನಾಲಯವನ್ನು ಶಸ್ತ್ರಾಗಾರವನ್ನಾಗಿ ಮಾಡಿಕೊಂಡರು. 1795ರಲ್ಲಿ ಬಂದ ಬ್ರಿಟಿಷರು ಆ ಪ್ರಧಾನಾಲಯವನ್ನೂ ಕೆಡವಿದರು. ಅದರ ಒಂದು ಕಲ್ಲುಕಂಬವಷ್ಟೇ ಇಂದು ಕಾಣಸಿಗುತ್ತದೆ. 1804ರಲ್ಲಿ ಸಂತ ಫ್ರಾನ್ಸಿಸ್ ದೇವಾಲಯ ಆಂಗ್ಲಿಕನ್ ಸಭೆಯ ವಶವಾಯಿತು. ಇಂದು ಅದು ದಕ್ಷಿಣ ಭಾರತ ಸಭೆಗೆ ಸೇರಿದ್ದು, 1923ರಿಂದ ಸಂರಕ್ಷಿತ ಸ್ಮಾರಕವಾಗಿದೆ.

ಗಮನಿಸಿ: ಕ್ರೈಸ್ತರ ದೇವಾಲಯಗಳನ್ನು ಕೆಡವಿದವರೂ ಕ್ರೈಸ್ತರೇ. ಕೋಟೆಯ ಬಲವನ್ನೇ ನೆಚ್ಚಿದ ನಮ್ಮವರೂ ನಿರ್ದೋಷಿಗಳಲ್ಲ. ಡಚ್ಚರು ಬರುವುದಕ್ಕೆ ಹತ್ತು ವರ್ಷ ಮೊದಲೇ, 1653ರಲ್ಲಿ, ಪಕ್ಕದ ಮಟ್ಟಾಂಚೇರಿಯಲ್ಲಿ ತೋಮನ ಕ್ರೈಸ್ತರು ಪೋರ್ತುಗೀಸರ ಆಶ್ರಯದ ಧರ್ಮಾಧಿಕಾರವನ್ನು ಧಿಕ್ಕರಿಸಿ ಶಪಥ ಮಾಡಿದ್ದರು. ಫಿರಂಗಿಗಳು ಕಾಯಬಲ್ಲದ್ದು ಗೋಡೆಗಳನ್ನು ಮಾತ್ರ, ಹೃದಯಗಳ ಐಕ್ಯತೆಯನ್ನಲ್ಲ.

1806ರಲ್ಲಿ ಬ್ರಿಟಿಷರು ಕೋಟೆಯನ್ನೂ ಸಿಡಿಸಿದರು. ದೇವಾಲಯವಾದರೋ ನಿಂತೇ ಇತ್ತು. 1886ರಲ್ಲಿ ಅದರ ನೆಲದಲ್ಲಿದ್ದ ಸಮಾಧಿಯ ಕಲ್ಲುಗಳನ್ನು ಎತ್ತಿ, ಪೋರ್ತುಗೀಸರವನ್ನು ಉತ್ತರದ ಗೋಡೆಗೂ ಡಚ್ಚರವನ್ನು ದಕ್ಷಿಣದ ಗೋಡೆಗೂ ಹೊಂದಿಸಿದರು. ಬದುಕಿದ್ದಾಗ ಕತ್ತಿ ಹಿರಿದವರು ಇಂದು ಒಂದೇ ಸೂರಿನಡಿ ಎದುರುಬದುರಾಗಿ ಮೌನವಾಗಿದ್ದಾರೆ. ನಮ್ಮ ಕಥೋಲಿಕರೂ ನಿರಾಶರಾಗಲಿಲ್ಲ. ಹೊಸ ಸಾಂತಾ ಕ್ರೂಜ್ ಪ್ರಧಾನಾಲಯವನ್ನು ಕಟ್ಟಿ 1905ರಲ್ಲಿ ಅಭಿಷೇಕಿಸಿದರು. 1984ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲರು ಅದಕ್ಕೆ ಬಸಿಲಿಕಾ ಪದವಿಯನ್ನಿತ್ತರು.

ಬೇರ್ಪಟ್ಟ ಕ್ರೈಸ್ತರನ್ನು ಸಹೋದರರೆಂದು ಕಾಣಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ನಮಗೆ ಬೋಧಿಸಿದೆ. ಆದ್ದರಿಂದ ಆ ದೇವಾಲಯದಲ್ಲಿ ಇಂದಿಗೂ ಪ್ರಭುವಿನ ನಾಮಸ್ತುತಿ ನಡೆಯುತ್ತಿದೆ ಎಂಬುದು ನಮಗೆ ನಷ್ಟವಲ್ಲ, ಸಂತೋಷ. ಅಲ್ಲಿಗೆ ಹೋದಾಗ ಕಲ್ಲನ್ನು ನೋಡಿ ಮರಳುವ ಬದಲು ಕ್ಷಣಕಾಲ ಮೊಣಕಾಲೂರಿ ಪ್ರಾರ್ಥಿಸೋಣ. ಊರಿಗೆ ಮರಳಿದ ಮೇಲೆ, ನಮ್ಮ ಧರ್ಮಕೇಂದ್ರಗಳಲ್ಲಿ ಭಾಷೆಯ ಹೆಸರಿನಲ್ಲೋ ಮನೆತನದ ಹೆಸರಿನಲ್ಲೋ 'ಈ ದೇವಾಲಯ ನಮ್ಮದು, ನಿಮ್ಮದಲ್ಲ' ಎಂಬ ವಾದ ತಲೆಯೆತ್ತಿದರೆ ಕೊಚ್ಚಿಯ ಆ ಎರಡು ಗೋಡೆಗಳನ್ನು ನೆನೆಯೋಣ. ದೇವಾಲಯವು ದೇವರದು, ನಾವೆಲ್ಲರೂ ಅಲ್ಲಿ ಅತಿಥಿಗಳು.