ಅಪ್ಪನ ಕಾರು, ಅಪ್ಪನ ಹೆಸರು

ಆಯುಧಪೂಜೆಯ ದಿನ ನಮ್ಮ ಸಂಘದ ಅಂಗಳಕ್ಕೆ ಕೆಎ-25 ನಂಬರಿನ ಪ್ರೀಮಿಯರ್ ಪದ್ಮಿನಿಯೊಂದು ಬಂದಿತ್ತು. 1992ರ ಗಾಡಿ. ಹೊಸ ಬಣ್ಣ, ಚೆಂಡುಹೂವಿನ ಮಾಲೆ, ಚಕ್ರದಡಿ ನಿಂಬೆಹಣ್ಣು. ಎಲ್ಲರೂ ಸುತ್ತ ನಿಂತು ಕೊಂಡಾಡಿದರು. ಕಾಗದಪತ್ರ ನೋಡುವುದೇ ಹೊಟ್ಟೆಪಾಡಾದ ನಾನು ಮಾತ್ರ “ವಿಮೆ ಆಗಿದೆಯೇ ರಾಯರೇ?” ಎಂದೆ. “ಅಪ್ಪನ ಹೆಸರಿಲೇ ಐತ್ರಿ, ವರ್ಷಾ ವರ್ಷಾ ತುಂಬ್ತೀನಿ” ಎಂದರು. ಅಪ್ಪ ತೀರಿಕೊಂಡು ನಾಲ್ಕು ವರ್ಷ. ಕಾರು ಧಾರವಾಡದಿಂದ ಅಹಮದಾಬಾದಿಗೆ ಬಂದು ಮೂರು ವರ್ಷ.

ಇದನ್ನು ನಮ್ಮವರು ಪಿತೃಭಕ್ತಿ ಎನ್ನುತ್ತಾರೆ. ನಾನು ಬೇಜವಾಬ್ದಾರಿ ಎನ್ನುತ್ತೇನೆ. ಆ ಮಿತ್ರರು ಕ್ಷಮಿಸಬೇಕು.

ಮಾಲೀಕರು ತೀರಿಕೊಂಡರೆ ಅವರ ಪಾಲಿಸಿ ವಾರಸುದಾರನಿಗೆ ಒದಗುವುದು ಮೂರು ತಿಂಗಳು, ಅಥವಾ ಅದರ ಅವಧಿ ಮುಗಿಯುವವರೆಗೆ. ಯಾವುದು ಮೊದಲೋ ಅದು. ಅಷ್ಟರೊಳಗೆ ಆರ್‌ಸಿಯನ್ನೂ ಪಾಲಿಸಿಯನ್ನೂ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. 2018ರಲ್ಲಿ ಮಾಲೀಕ-ಚಾಲಕನ ಅಪಘಾತ ವಿಮೆಯನ್ನು 15 ಲಕ್ಷಕ್ಕೆ ಏರಿಸಿದರಲ್ಲ, ಅದು ಸಿಗುವುದು ಆರ್‌ಸಿಯಲ್ಲಿ ಹೆಸರಿದ್ದು ಲೈಸೆನ್ಸ್ ಉಳ್ಳವನಿಗೆ. ಆರ್‌ಸಿಯಲ್ಲಿ ಇರುವವರು ಸ್ವರ್ಗದಲ್ಲಿದ್ದಾರೆ, ಸ್ಟೇರಿಂಗ್ ಹಿಡಿದವರು ಮಗ. ನಾಳೆ ವಡೋದರಾ ಹೆದ್ದಾರಿಯಲ್ಲಿ ಏನಾದರೂ ಆದರೆ ಹೆಂಡತಿ ಮಕ್ಕಳ ಕೈಗೆ ಏನು ಬರುತ್ತದೆ? ಎದುರಿನವನಿಗೆ ಪೆಟ್ಟಾಗಿ, ಕಂಪನಿ ತಕರಾರು ತೆಗೆದರೆ ಪರಿಹಾರದ ಹೊರೆ ಮನೆ ಮತ್ತು ಉಳಿತಾಯದ ಮೇಲೆ ಬೀಳುತ್ತದೆ.

“ಹಳೇ ಗಾಡಿಗೆ ವಿಮೆ ದುಬಾರಿ” ಎಂಬ ಮಾತು ಸೂರತ್ತಿನಲ್ಲೂ ಕೇಳಿದ್ದೇನೆ. ಲೆಕ್ಕ ನೋಡೋಣ. 2022ರ ಜೂನಿನಲ್ಲಿ ಗೊತ್ತುಮಾಡಿದ ದರದಂತೆ, 1000ದಿಂದ 1500 ಸಿಸಿ ಕಾರಿಗೆ ಥರ್ಡ್ ಪಾರ್ಟಿ ವಿಮೆ ವರ್ಷಕ್ಕೆ 3,416 ರೂಪಾಯಿ. ಪದ್ಮಿನಿ 1089 ಸಿಸಿ. ತೆರಿಗೆ ಸೇರಿಸಿದರೂ ದಿನಕ್ಕೆ ಹನ್ನೊಂದು ಹನ್ನೆರಡು ರೂಪಾಯಿ. ಮಾರುತಿ 800ಕ್ಕೆ ಇನ್ನೂ ಕಡಿಮೆ, 2,094. ದುಬಾರಿಯಾಗುವುದು ಏಜೆಂಟರು ಅಂಟಿಸುವ ಪೂರ್ಣ ವಿಮೆ. ಹತ್ತು ವರ್ಷ ದಾಟಿದ ಗಾಡಿಯ ಕಬ್ಬಿಣದ ಭಾಗಕ್ಕೂ ರಬ್ಬರು ಪ್ಲಾಸ್ಟಿಕ್ಕಿಗೂ ಅರ್ಧ ಬೆಲೆ ಕಳೆದೇ ಕೊಡುತ್ತಾರೆ. ಬೇಕೇಬೇಕೆಂದರೆ ಕಾರಿನ ಮೌಲ್ಯವನ್ನು ಮೊದಲೇ ಮಾತಾಡಿ ಪಾಲಿಸಿಯಲ್ಲಿ ಬರೆಯಿಸಿಕೊಳ್ಳಿ. ಐದು ವರ್ಷ ಮೀರಿದ ಗಾಡಿಗೆ ಅದು ಪರಸ್ಪರ ಒಪ್ಪಿಗೆಯ ಮೊತ್ತ. ಇನ್ನೊಂದು ಸ್ವಾರಸ್ಯ: ಈ ಭಾಗದ ವಿಮೆಗೆ ಬೆಂಗಳೂರು, ಅಹಮದಾಬಾದುಗಳು ‘ಎ’ ವಲಯ, ಧಾರವಾಡ, ವಡೋದರಾ, ಸೂರತ್ತುಗಳು ಅಗ್ಗದ ‘ಬಿ’ ವಲಯ. ಬೆಂಗಳೂರಿನಿಂದ ಸೂರತ್ತಿಗೆ ಬಂದವರು ನಂಬರು ಬದಲಿಸದೆ ಕೂತರೆ ನಷ್ಟ ಅವರದೇ. ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕೆಂದು ಕಾಯಿದೆಯೇ ಹೇಳುತ್ತದೆ. ಅದಕ್ಕೆ ಊರಿನ ಆರ್‌ಟಿಓದ ಎನ್‌ಓಸಿ ಬೇಕು.

ಇಷ್ಟು ಹೇಳಿ ಸರ್ಕಾರವನ್ನು ಬಿಟ್ಟರೆ ನ್ಯಾಯವಾಗದು. ನಾನೂ ಅದರ ಉಪ್ಪು ತಿಂದವನೇ, ಆದರೂ ಹೇಳುತ್ತೇನೆ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರು ‘ವಿಂಟೇಜ್’. ಹಾಗೆ ನೋಂದಾಯಿಸಿದ್ದಕ್ಕೆ ಥರ್ಡ್ ಪಾರ್ಟಿ ವಿಮೆ ಅರ್ಧ ದರ. 2023ರ ಜನವರಿಯಲ್ಲಿ ವಡೋದರಾದ ಲಕ್ಷ್ಮೀವಿಲಾಸ ಅರಮನೆಯಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೆನೆದರೆ ಈ ರಿಯಾಯಿತಿ ಯಾರಿಗೆಂದು ತಿಳಿಯುತ್ತದೆ. ಮೂವತ್ತು ವರ್ಷದ ಪದ್ಮಿನಿಯನ್ನು ಭಾನುವಾರ ಮಾತ್ರ ಹೊರತೆಗೆಯುವ ಗುಮಾಸ್ತನಿಗೆ ಏನೂ ಇಲ್ಲ. ಬದಲಿಗೆ ಹದಿನೈದು ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2022ರಲ್ಲಿ 600 ಇದ್ದದ್ದು 5,000 ಆಯಿತು. ಇಪ್ಪತ್ತು ದಾಟಿದ್ದಕ್ಕೆ 2025ರಲ್ಲಿ 10,000. ಕಡಿಮೆ ಓಡುವ ಗಾಡಿಗೆ ಕಡಿಮೆ ದರ ಏಕಿರಬಾರದು? ರಸ್ತೆಯ ಮೇಲಿನ ಅಪಾಯ ಓಡಿದ ಕಿಲೋಮೀಟರಿಗೆ ತಕ್ಕಂತೆ ತಾನೇ?

ಈ ಜಗಳ ಬೇರೆಯಾಗಿ ಆಡೋಣ, ಸಂಘದಿಂದ ಅರ್ಜಿಯನ್ನೂ ಬರೆಯೋಣ. ಸದ್ಯ ಅಪ್ಪನ ಹೆಸರಿನ ಗಾಡಿ ಓಡಿಸುತ್ತಿರುವ ಸದಸ್ಯರು ಮುಂದಿನ ಭಾನುವಾರ ಆರ್‌ಸಿ, ಪಾಲಿಸಿ, ಮರಣಪತ್ರ ಹಿಡಿದು ಸಂಘಕ್ಕೆ ಬನ್ನಿ. ಫಾರಂ ತುಂಬಲು ನಾನು ಕೂತಿರುತ್ತೇನೆ.