ಹಿತ್ತಿಲ ಈಜುಕೊಳದ ನಕ್ಷೆಯಲ್ಲಿ ಎರಡು ಬಾಣ



"ನನ್ನ ಜಾಗ, ನನ್ನ ಬೋರ್‌ವೆಲ್, ನನ್ನ ಈಜುಕೊಳ. ನಿಮಗೆಂತ ಕಷ್ಟ?" ಈ ಮಾತು ಈಗ ನಮ್ಮ ಕಾಣಿಯೂರು, ಕಡಬ, ಸುಳ್ಯ ಕಡೆ ಆಗಾಗ ಕೇಳ್ತದೆ. ಅಡಿಕೆಗೆ ರೇಟು ಬಂದ ಮನೆ, ಮಕ್ಕಳು ದುಬೈಯಲ್ಲಿರುವ ಮನೆ, ಹೋಮ್‌ಸ್ಟೇ ಮಾಡುವ ಮನೆ, ಎಲ್ಲರಿಗೂ ಹಿತ್ತಿಲಲ್ಲಿ ಒಂದು ನೀಲಿ ಕೊಳ ಬೇಕು. ಆಸೆಪಡುವುದು ತಪ್ಪಲ್ಲ, ನಮ್ಮ ಮಕ್ಕಳಿಗೂ ಈಜುವ ಆಸೆ ಉಂಟು. ಆದರೆ "ನಿಮಗೆಂತ ಕಷ್ಟ" ಅಂತ ಕೇಳಿದ್ದಕ್ಕೆ ಉತ್ತರ ಕೊಡದೆ ಬಿಡ್ಲಿಕ್ಕಾಗುವುದಿಲ್ಲ.

ಅಂಥ ಒಂದು ಕೊಳದ ಪೈಪ್‌ಲೈನ್ ನಕ್ಷೆ ನೋಡಿದೆ. ಗುಂಡಿ ತೋಡಿದವರು, ಕಬ್ಬಿಣ ಕಟ್ಟಿದವರು, ಪೈಪ್ ಹೊತ್ತವರು ಎಲ್ಲ ನಮ್ಮ ಕಾಲೊನಿಯ ಹುಡುಗರೇ. ಮನೆ ಯಾರದು ಅಂತ ಕೇಳ್ಬೇಡಿ, ಇದು ಒಬ್ಬ ಧಣಿಯ ಮೇಲಿನ ಜಗಳ ಅಲ್ಲ. ನಕ್ಷೆ ಬಹಳ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಮೇಲಿನ ಕಸ ಎಳೆಯಲು ಸ್ಕಿಮ್ಮರ್. ತಳದಲ್ಲಿ ಮೇನ್ ಡ್ರೈನ್ ಒಂದಲ್ಲ, ಎರಡು, ಅದೂ ದೂರ ದೂರ. ಯಾಕೆ ಗೊತ್ತುಂಟಾ? ಒಂದೇ ಇದ್ದರೆ ಪಂಪಿನ ಎಳೆತಕ್ಕೆ ಮಗುವಿನ ಮೈಯೋ ಕೂದಲೋ ಅಲ್ಲಿ ಸಿಕ್ಕಿಕೊಳ್ಳಬಹುದು. ಎರಡಿದ್ದರೆ ಒಂದು ಮುಚ್ಚಿಹೋದರೂ ಇನ್ನೊಂದರಿಂದ ನೀರು ಬರ್ತದೆ. ಸಕ್ಷನ್ ಲೈನಿಗೆ ಎರಡೂವರೆ ಇಂಚಿನ ಪೈಪು, ರಿಟರ್ನಿಗೆ ಎರಡು ಇಂಚು. ಪಂಪು, ಮರಳಿನ ಫಿಲ್ಟರ್, ಕ್ಲೋರಿನ್ ಹಾಕುವ ಸಾಧನ, ಪ್ರತಿ ಲೈನಿಗೂ ಪ್ರತ್ಯೇಕ ವಾಲ್ವ್. ಒಂದು ಮಗುವಿನ ಜೀವಕ್ಕೆ ಇಷ್ಟು ಮುಂದಾಲೋಚನೆ ಮಾಡಿದ ಇಂಜಿನಿಯರಿಗೆ ನನ್ನ ನಮಸ್ಕಾರ.

ಆದರೆ ನಕ್ಷೆಯ ಎರಡು ತುದಿಯಲ್ಲಿ ಬರೇ ಬಾಣದ ಗುರುತು. ಒಂದು ಬಾಣದ ಹತ್ತಿರ "ಬೋರ್‌ವೆಲ್‌ನಿಂದ". ಇನ್ನೊಂದರ ಹತ್ತಿರ "ತೋಡಿಗೆ". ಎಷ್ಟು ನೀರು, ಯಾವ ತಿಂಗಳಲ್ಲಿ, ಪಕ್ಕದಲ್ಲಿ ಯಾರ ಬಾವಿ, ತೋಡಿನ ಕೆಳಗೆ ಯಾರಿದ್ದಾರೆ, ಒಂದಕ್ಷರ ಇಲ್ಲ. ನಮ್ಮವರು ಇರುವುದು ಆ ಎರಡು ಬಾಣಗಳ ಆಚೆ.

ಮೊದಲ ಬಾಣದ ಲೆಕ್ಕ ಮಾಡುವ. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳ. ಹತ್ತಿರ ಹತ್ತಿರ 45,000 ಲೀಟರ್. ಜಲಜೀವನ್ ಮಿಷನ್ ಅಂತ 2019ರಲ್ಲಿ ಕೇಂದ್ರ ಶುರು ಮಾಡಿದ್ದು, ಇಲ್ಲಿ "ಮನೆ ಮನೆಗೆ ಗಂಗೆ" ಅಂತ ಹೆಸರಿಟ್ಟದ್ದು, ಅದರ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275. ಅಂದರೆ ಒಂದು ಕೊಳ ತುಂಬಿಸುವ ನೀರು ನಮ್ಮ ಒಂದು ಮನೆಗೆ ಐದು ತಿಂಗಳಿಗೂ ಹೆಚ್ಚು ಬರಬೇಕು. ಅದೂ 55 ಲೀಟರ್ ನಿಜವಾಗಿ ಬಂದರೆ! ಏಪ್ರಿಲ್‌ನಲ್ಲಿ ನಮ್ಮ ಕಾಲೊನಿಯ ನಳ್ಳಿ ತಿರುಗಿಸಿದರೆ ಗಾಳಿ ಬರ್ತದೆ. ಹೆಂಗಸರು ಕೊಡ ಹಿಡಿದು ತೋಟದ ಮನೆಯ ಬಾವಿಕಟ್ಟೆಯ ಹತ್ತಿರ ಕಾಯುವ ಕಾಲ ಮುಗಿಯಿತು ಅಂತ ಭಾಷಣ ಮಾಡುವವರು ಮೇ ತಿಂಗಳಲ್ಲಿ ಒಮ್ಮೆ ಬಂದು ನೋಡಿ.

ಇನ್ನು ಎರಡನೇ ಬಾಣ. ಮರಳಿನ ಫಿಲ್ಟರ್ ಕಟ್ಟಿದಾಗ ನೀರನ್ನು ತಿರುಗಾಮುರುಗಾ ಹಾಯಿಸಿ ತೊಳೆಯಬೇಕು, ಬ್ಯಾಕ್‌ವಾಶ್ ಅಂತಾರೆ. ಎರಡು ಮೂರು ನಿಮಿಷಕ್ಕೆ ಐನೂರು ಲೀಟರಿನಷ್ಟು ಕೊಳಕು ನೀರು, ಕ್ಲೋರಿನ್ ಸಮೇತ ಹೊರಗೆ. ತೋಡಿಗೆ ಬಿಟ್ಟರೆ ಮೀನು ಸಾಯ್ತದೆ. ಅದೇ ತೋಡಿಗೆ ಬೇಸಿಗೆಯಲ್ಲಿ ಕಟ್ಟ ಕಟ್ಟಿ ಬಟ್ಟೆ ಒಗೆಯುವವರು, ಮಕ್ಕಳನ್ನು ಮೀಯಿಸುವವರು ನಾವು. ಇದಕ್ಕೆ ದೊಡ್ಡ ವಿದ್ಯೆ ಬೇಡ. ಒಂದು ತೊಟ್ಟಿ ಮಾಡಿ, ಎರಡು ಮೂರು ದಿನ ಬಿಸಿಲಿಗೆ ಬಿಟ್ಟು, ಕ್ಲೋರಿನ್ ಹೋದ ಮೇಲೆ ಬಾವಿ, ತೋಡಿನಿಂದ ದೂರದ ಇಂಗುಗುಂಡಿಗೆ ಬಿಡಬಹುದು. ಲಕ್ಷ ಲಕ್ಷದ ಕೊಳಕ್ಕೆ ಆ ತೊಟ್ಟಿಯ ಖರ್ಚು ಎಂತ ಮಹಾ? ನಕ್ಷೆಯಲ್ಲಿ ಅದಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ.

"ನನ್ನ ಜಾಗದ ನೀರು ನನ್ನದು" ಅನ್ನುವುದಕ್ಕೆ ಕಾನೂನಿನ ಬೇರೂ ಉಂಟು. ಬ್ರಿಟಿಷರ 1882ರ ಈಸ್‌ಮೆಂಟ್ಸ್ ಕಾಯ್ದೆ ಭೂಮಿಯ ಅಡಿಯ ನೀರು ತೆಗೆಯುವ ಹಕ್ಕನ್ನು ಭೂಮಿಯ ಒಡೆಯನಿಗೆ ಕಟ್ಟಿಕೊಟ್ಟಿತು. ಭೂಮಿ ಇದ್ದವನಿಗೆ ಪಾತಾಳವೂ ಉಂಟು. ಡಿಸಿ ಮನ್ನಾ ಜಾಗಕ್ಕಾಗಿ ತಾಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಿರುವ ನಮಗೆ, ಐದು ಸೆಂಟ್ಸಿನವರಿಗೆ, ಪಾತಾಳ ಎಲ್ಲಿಂದ? ಜಾತಿ ನೋಡಿ ನೀರು ಕೊಡುವುದಿಲ್ಲ ಅಂತಾರೆ. ಜಾತಿ ನೋಡಿ ಹಂಚಿದ ಭೂಮಿಯನ್ನು ನೋಡಿ ನೀರು ಕೊಡ್ತಾರೆ, ಅಷ್ಟೇ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದರು. ಸಾರ್ವಜನಿಕ ಕೆರೆಗಳು ಎಲ್ಲರಿಗೂ ಅಂತ ಬಾಂಬೆ ಶಾಸನಸಭೆ ಠರಾವು ಮಾಡಿದ್ದು 1923ರಲ್ಲೇ. ಕಾಗದದಲ್ಲಿದ್ದ ನೀರು ಕೈಗೆ ಬರಲು ಸಾವಿರಾರು ಜನ ನಡೆಯಬೇಕಾಯಿತು. ಆಮೇಲೆ ಮೇಲ್ಜಾತಿಯವರು ಕೆರೆಯನ್ನೇ "ಶುದ್ಧ" ಮಾಡಿದರು. ಮುಂದೆ ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ ಎಲ್ಲ ಎಲ್ಲರಿಗೂ ಅಂತ ಬರೆಯಿತು. ಸಾರ್ವಜನಿಕವಾದದ್ದು ಮಾತ್ರ. ಕಂಪೌಂಡಿನ ಒಳಗಿನದ್ದಕ್ಕೆ ಅದು ಮುಟ್ಟುವುದಿಲ್ಲ.

ಅಮೆರಿಕದಲ್ಲೂ ಇದೇ ಕತೆ. 1964ರ ಜೂನ್‌ನಲ್ಲಿ ಫ್ಲೋರಿಡಾದ ಸೇಂಟ್ ಆಗಸ್ಟೀನ್‌ನಲ್ಲಿ ಕರಿಯರು ಬಿಳಿಯರ ಹೋಟೆಲಿನ ಕೊಳಕ್ಕೆ ಇಳಿದಾಗ ಮಾಲೀಕ ನೀರಿಗೆ ಆಸಿಡ್ ಸುರಿದ. ಮಿಸಿಸಿಪ್ಪಿಯ ಜಾಕ್ಸನ್ ನಗರ, ಒಟ್ಟಿಗೆ ಈಜುವುದಕ್ಕಿಂತ ಸಾರ್ವಜನಿಕ ಕೊಳಗಳನ್ನು ಮುಚ್ಚುವುದೇ ವಾಸಿ ಅಂತ ಮುಚ್ಚಿತು. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಸರಿ ಅಂದಿತು. ಬಿಳಿಯರು ಕ್ಲಬ್ಬಿನಲ್ಲಿ, ಹಿತ್ತಿಲಲ್ಲಿ ಈಜಿದರು.

ನಮ್ಮ ಕೈಯಲ್ಲಿ ಎಂತ ಉಂಟು? 1999ರ ಕರ್ನಾಟಕ ಅಂತರ್ಜಲ ಕಾಯ್ದೆ ಉಂಟು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಹೊಸ ಬಾವಿ, ಬೋರ್‌ವೆಲ್ ತೋಡುವ ಹಾಗಿಲ್ಲ. ನಾವು ಬಳಸುವ ನೀರಿನ ಮೂಲವನ್ನು ಕೆಡಿಸುವುದು ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ನಿನಲ್ಲಿ ಅಪರಾಧ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ರಾಜಧಾನಿಯವರಿಗೆ ಬಾಯಾರಿದರೆ ಆದೇಶ, ನಮಗೆ ಬಾಯಾರಿದರೆ "ಮಳೆ ಬರಲಿ ಮಾರಾಯ್ರೇ"!

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ, ಯಾವ ಪಂಚಾಯತ್ ಆದರೂ ಸರಿ, ಇದನ್ನು ಬರೆದು ಕೊಡಿ: ಈಜುಕೊಳಕ್ಕೆ ಪರವಾನಗಿ ಕೊಡುವ ಮೊದಲು ಪೈಪ್‌ಲೈನ್ ನಕ್ಷೆ ತರಿಸಿ, ಅದರಲ್ಲಿ ನೀರಿನ ಮೂಲ, ತುಂಬಿಸುವ ತಿಂಗಳು, ಬ್ಯಾಕ್‌ವಾಶ್ ತೊಟ್ಟಿ ಮೂರೂ ಇರಲಿ. ಮಾರ್ಚ್‌ನಿಂದ ಮೇ ತನಕ ಬೋರ್‌ವೆಲ್ ನೀರು ತುಂಬಿಸಬಾರದು. ಮಾತು ನಡಾವಳಿ ಪುಸ್ತಕಕ್ಕೆ ಏರುವ ತನಕ ಎದ್ದು ಬರಬೇಡಿ. ಪೈಪ್ ಕೆಲಸಕ್ಕೆ ಹೋಗುವ ತಮ್ಮಂದಿರೇ, ನಿಮ್ಮ ಕೂಲಿಗೆ ಕಲ್ಲು ಹಾಕುವುದಿಲ್ಲ, ಹೆಸರೂ ಹೊರಗೆ ಬರುವುದಿಲ್ಲ. ಹೊಸ ಬೋರ್‌ವೆಲ್ ತೋಡುವುದು ಕಂಡರೆ ಕಾಲೊನಿಯ ಬೋರ್‌ವೆಲ್‌ನಿಂದ ಎಷ್ಟು ದೂರ ಅಂತ ಅಳೆದು ಇನ್‌ಬಾಕ್ಸಿಗೆ ಹಾಕಿ. ಅರ್ಜಿ ನಾನು ಬರೆಯುತ್ತೇನೆ.

ಜೈ ಭೀಮ್.