ಕಾನೂನು ಸಾಲಿ ಮುಂದ ನಿಂತೈತಿ, ಬೀಡಿ ನಮ್ಮ ಕೈಯಾಗ ಐತಿ

ಕರ್ನಾಟಕದಲ್ಲಿ ಈಗ 21 ವರ್ಷ ತುಂಬದವರಿಗೆ ಬೀಡಿ, ಸಿಗರೇಟ್, ತಂಬಾಕು ಮಾರುವಂತಿಲ್ಲ. ಕನಮಡಿ, ಬಿಜ್ಜರಗಿ, ತಿಕೋಟಾ ಕಡೆಯ ಎಷ್ಟು ಅಂಗಡಿಯವರಿಗೆ ಈ ಮಾತು ಗೊತ್ತಿದೆ? ನಾವು ಕೇಳಿದಾಗ ಕೆಲವರು "ಹದಿನೆಂಟಲ್ಲೇನ್ರಿ?" ಅಂದರು. ಕೆಲವರು ಸುಮ್ಮನೆ ನಕ್ಕರು.

ನಗುವುದಕ್ಕೂ ಕಾರಣ ಇದೆ. ಕಾನೂನು ಊರಿಗೆ ಬಂದದ್ದು ಯಾರಿಗೂ ಕಾಣಿಸಿಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಕೇಂದ್ರದ ತಂಬಾಕು ನಿಯಂತ್ರಣ ಕಾಯ್ದೆ ಬಂದದ್ದು 2003ರಲ್ಲಿ. 18 ವರ್ಷದೊಳಗಿನವರಿಗೆ ಮಾರಬಾರದು, ಶಾಲೆ-ಕಾಲೇಜಿನ ಸುತ್ತ 100 ಗಜದೊಳಗೆ ಮಾರಬಾರದು ಎಂದು ಅದು ಹೇಳಿತು. ದಂಡ 200 ರೂಪಾಯಿವರೆಗೆ. ನಮ್ಮ ರಾಜ್ಯ ಇದಕ್ಕೆ ತಿದ್ದುಪಡಿ ತಂದಿತು. 2024ರ ಫೆಬ್ರುವರಿಯಲ್ಲಿ ವಿಧಾನಮಂಡಲ ಒಪ್ಪಿತು. ರಾಷ್ಟ್ರಪತಿ ಅಂಕಿತ ಬಿದ್ದು 2025ರ ಮೇ ಕೊನೆಗೆ ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಈಗ ವಯಸ್ಸು 21. ದೂರ 100 ಮೀಟರ್. ಸಿಗರೇಟನ್ನು ಪಾಕೀಟು ಒಡೆದು ಒಂದೊಂದಾಗಿ ಮಾರುವಂತಿಲ್ಲ. ದಂಡ 1,000 ರೂಪಾಯಿವರೆಗೆ. ಹುಕ್ಕಾ ಬಾರ್ ನಡೆಸಿದರೆ ಜೈಲು.

ಹುಕ್ಕಾ ಬಾರ್ ಬೆಂಗಳೂರಿನ ರೋಗ. ಅದಕ್ಕೆ ಕಾನೂನು ಬೇಕಿತ್ತು, ಬಂತು. ನಮ್ಮ ಹುಡುಗನ ಕೈಗೆ ಮೊದಲ ಬೀಡಿ ಬರುವುದು ಹುಕ್ಕಾ ಬಾರಿನಿಂದಲ್ಲ. ಬಹಳ ಸಲ ಶಾಲೆ ಮುಂದಿನ ಡಬ್ಬಿ ಅಂಗಡಿಯಿಂದಲೂ ಅಲ್ಲ. ಅದು ಬರುವುದು ಮನೆಯವರ ಕೈಯಿಂದ.

"ತಮ್ಮಾ, ಒಂದ ಕಟ್ಟ ಬೀಡಿ ತಗೊಂಡ ಬಾ"

ಈ ಮಾತು ಕೇಳದ ಓಣಿ ನಮ್ಮ ಕಡೆ ಯಾವುದಿದೆ? ಅಪ್ಪ ಕಟ್ಟೆಯ ಮೇಲೆ ಕೂತಿರುತ್ತಾನೆ. ಎಂಟು ವರ್ಷದ ಹುಡುಗ ಓಡುತ್ತಾನೆ. "ಕಾಕಾ, ನಮ್ಮಪ್ಪಗ ಬೀಡಿ ಬೇಕಂತ" ಅನ್ನುತ್ತಾನೆ. ಕಾಕಾ ಕೊಡುತ್ತಾನೆ. ಚಿಲ್ಲರೆ ಉಳಿದರೆ ಹುಡುಗನಿಗೆ ಚಾಕಲೇಟ್.

ಇದು ಅಪರಾಧ ಅಂತ ಇಬ್ಬರಿಗೂ ಅನ್ನಿಸುವುದಿಲ್ಲ. ಆದರೆ ಕಾನೂನಿನ ಕಣ್ಣಲ್ಲಿ ಮಾರಾಟ ನಡೆದದ್ದು ಮಗುವಿನ ಜೊತೆಗೆ. ಯಾರ ಸಲುವಾಗಿ ಅನ್ನುವುದು ಅಲ್ಲಿ ಲೆಕ್ಕಕ್ಕಿಲ್ಲ. ಕೊಂಡವನು ಚಿಕ್ಕವನಲ್ಲ ಎಂದು ತೋರಿಸುವ ಹೊಣೆಯನ್ನೂ ನಿಯಮ ಅಂಗಡಿಯವನ ಮೇಲೆಯೇ ಹಾಕಿದೆ. ಇನ್ನೊಂದು ನಿಯಮವೂ ಇದೆ: 18 ವರ್ಷದೊಳಗಿನವರು ತಂಬಾಕು ಮಾರಬಾರದು, ಮುಟ್ಟಲೂಬಾರದು. ಅಪ್ಪ ದ್ರಾಕ್ಷಿ ಪಡಕ್ಕೆ ಔಷಧಿ ಹೊಡೆಯಲು ಹೋದಾಗ ಅಂಗಡಿಯಲ್ಲಿ ಕೂಡುವವರು ಯಾರು? ಏಳನೇ ಇಯತ್ತೆಯ ಮಗನೋ ಮಗಳೋ.

ಐದಾರು ವರ್ಷ ಹೀಗೆ ಬೀಡಿ ಹೊತ್ತು ತಂದ ಹುಡುಗನಿಗೆ ಅದು ಉಪ್ಪು, ಸಕ್ಕರೆಯಂಥದೇ ಒಂದು ಸಾಮಾನು. ಯಾವ ಬ್ರ್ಯಾಂಡ್, ಎಷ್ಟು ರೂಪಾಯಿ, ಯಾವ ಅಂಗಡಿ, ಎಲ್ಲ ಗೊತ್ತು. ಹದಿಮೂರಕ್ಕೆ ಒಂದು ಬೀಡಿ ಎತ್ತಿಟ್ಟುಕೊಂಡರೆ ಕಟ್ಟಿನಲ್ಲಿ ಕಡಿಮೆಯಾದದ್ದು ಅಪ್ಪನಿಗೂ ತಿಳಿಯುವುದಿಲ್ಲ. ಒಂದು ದಿನ ಸಿಕ್ಕುಬಿದ್ದರೆ ಅದೇ ಅಪ್ಪ ಬೆಲ್ಟು ಬಿಚ್ಚುತ್ತಾನೆ. ಶಾಲೆಯಲ್ಲಿ ಮಾಸ್ತರರು ಹೊರಗೆ ನಿಲ್ಲಿಸುತ್ತಾರೆ. ಕಲಿಸಿದವರು ನಾವು, ಹೊಡೆತ ಅವನಿಗೆ. ಇದು ಯಾವ ನ್ಯಾಯ?

ಸಾಲಿ ಬಿಟ್ಟವನನ್ನು ಎಣಿಸಿದವರು ಯಾರು?

ಸರ್ಕಾರದ ಹತ್ತಿರ ಒಂದು ಖುಷಿ ಕೊಡುವ ಅಂಕಿ ಇದೆ. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆ 13ರಿಂದ 15 ವರ್ಷದ ವಿದ್ಯಾರ್ಥಿಗಳನ್ನು ಕೇಳಿತು. ದೇಶದಲ್ಲಿ ತಂಬಾಕು ಬಳಸುವವರು ಶೇ 8.5. ಕರ್ನಾಟಕದಲ್ಲಿ ಬರೀ ಶೇ 1.2. ದೇಶದಲ್ಲೇ ಅತಿ ಕಡಿಮೆ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು.

ನಾವು ಈ ಅಂಕಿಯನ್ನು ಸುಳ್ಳು ಅನ್ನುವುದಿಲ್ಲ. ಆದರೆ ಆ ಸಮೀಕ್ಷೆ ನಡೆದದ್ದು ಶಾಲೆಯ ಕೋಣೆಯಲ್ಲಿ, ಹಾಜರಿದ್ದ ಮಕ್ಕಳ ನಡುವೆ. ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟು ದ್ರಾಕ್ಷಿ ಚಾಟ್ನಿಗೆ ಹೋದವನು ಅಲ್ಲಿರಲಿಲ್ಲ. ಅಪ್ಪ-ಅವ್ವನ ಜೊತೆ ಕಬ್ಬು ಕಡಿಯಲು ಹೋದವನು ಅಲ್ಲಿರಲಿಲ್ಲ. ಗ್ಯಾರೇಜಿನಲ್ಲಿ, ಧಾಬಾದಲ್ಲಿ ಕೆಲಸಕ್ಕೆ ಸೇರಿದವನೂ ಇರಲಿಲ್ಲ. ನಮ್ಮ ಭಾಗದಲ್ಲಿ ತಂಬಾಕು ಬೇಗ ಹತ್ತುವುದು ಇವರಿಗೇ. ಕೆಲಸದ ನಡುವೆ ದಣಿವಾರಿಸಿಕೊಳ್ಳಲು ಕೂತಾಗ ದೊಡ್ಡವರು ತಂಬಾಕು ತಿಕ್ಕುತ್ತಾರೆ, ಒಂದು ಚಿಟಿಕೆ ಪಕ್ಕದ ಹುಡುಗನಿಗೂ ಕೊಡುತ್ತಾರೆ. "ತಗೋ ಲೇ, ಹಸಿವಿ ಆಗೂದಿಲ್ಲ" ಅನ್ನುತ್ತಾರೆ. ಶಾಲೆಯ ಸುತ್ತ ಎಳೆದ 100 ಮೀಟರ್ ಗೆರೆ ಈ ಹುಡುಗನಿಗೆ ಏನು ಮಾಡೀತು?

ಆ ಚಿಟಿಕೆ ಕೊಟ್ಟವರಿಗೂ ಕಾನೂನು ಇದೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಂ ಪ್ರಕಾರ ಮಗುವಿಗೆ ತಂಬಾಕು ಕೊಟ್ಟರೆ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಇಷ್ಟು ದೊಡ್ಡ ಶಿಕ್ಷೆ ಇರುವುದು ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಸಿಗರೇಟ್ ಒಂದರ ಮಾತೇ ಸಾಕಾಗದು. 2016-17ರ ವಯಸ್ಕರ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಬೀಡಿ-ಸಿಗರೇಟ್ ಸೇದುವವರು ಶೇ 8.8 ಇದ್ದರೆ, ಹೊಗೆಯಿಲ್ಲದ ತಂಬಾಕು ಬಳಸುವವರು ಶೇ 16.3, ಹತ್ತಿರ ಹತ್ತಿರ ಎರಡು ಪಟ್ಟು. ಗುಟ್ಕಾ ನಿಷೇಧವಾದದ್ದು ಮಹಾರಾಷ್ಟ್ರದಲ್ಲಿ 2012ಕ್ಕೆ, ನಮ್ಮಲ್ಲಿ 2013ಕ್ಕೆ. ಕಂಪನಿಗಳು ಏನು ಮಾಡಿದವು? ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಹರಿದು ಅಂಗೈಯಲ್ಲಿ ಕೂಡಿಸಿದರೆ ಗುಟ್ಕಾ ತಯಾರು. ಕಾನೂನಿನ ತೂತು ಎಲ್ಲಿದೆ ಅನ್ನುವುದು ನಮ್ಮ ಹತ್ತನೇ ಇಯತ್ತೆಯ ಹುಡುಗರಿಗೂ ಗೊತ್ತು.

ಬರುವ ಮಾತುಗಳು, ನಮ್ಮ ಉತ್ತರ

"ನಮ್ಮಜ್ಜ ಎಂಬತ್ತು ವರ್ಷ ಬೀಡಿ ಸೇದ್ಯಾನ, ಏನಾಗಿಲ್ಲ." ಇರಬಹುದು. ಆದರೆ ಐವತ್ತಕ್ಕೇ ಹೋದ ಅಜ್ಜಂದಿರು ಈ ಮಾತು ಹೇಳಲು ಕಟ್ಟೆಯ ಮೇಲೆ ಇಲ್ಲ. ಬಾಯಿ ತೆರೆಯಲಾಗದೆ ಊಟ ಬಿಟ್ಟವರನ್ನು ನಮ್ಮ ಊರುಗಳಲ್ಲಿ ಎಲ್ಲರೂ ನೋಡಿದ್ದೇವೆ.

"ಬಡವರ ಅಂಗಡಿ, ಅದನ್ನೂ ಬಂದ್ ಮಾಡಸ್ತೀರೇನು?" ಅಂಗಡಿ ಬಂದ್ ಮಾಡಿ ಅಂತ ನಾವು ಹೇಳುತ್ತಿಲ್ಲ. ಮಗುವಿನ ಕೈಗೆ ಕೊಡಬೇಡಿ ಅನ್ನುತ್ತಿದ್ದೇವೆ. ಬೀಡಿ ಬೇಕಾದ ಅಪ್ಪ ತಾನೇ ಎದ್ದು ಬರುತ್ತಾನೆ. ಅಂಗಡಿಗೆ ಒಂದು ರೂಪಾಯಿ ಲುಕ್ಸಾನಿಲ್ಲ.

"ಇಲ್ಲಿ ಕೊಡದಿದ್ರ ಜತ್ತ ಕಡೆ ಹೋಗಿ ತರ್ತಾರ." ನಿಜ, ಗಡಿ ದೂರವಿಲ್ಲ, ಅಲ್ಲಿ ಇನ್ನೂ 18ರ ಲೆಕ್ಕ. ಆದರೆ ಹದಿಮೂರರ ಹುಡುಗನಿಗೆ ಎರಡೂ ಕಡೆ ನಿಷೇಧವೇ. ಕೈಗೆ ಸಿಗುವ ಅಂಗಡಿಯಲ್ಲಿ ಇಲ್ಲ ಅಂದರೆ ಎಷ್ಟೋ ಹುಡುಗರು ಅಲ್ಲಿಗೇ ಬಿಡುತ್ತಾರೆ.

ಹಾಗಾದರೆ ಏನು ಮಾಡಬೇಕು?

ಪೊಲೀಸರು ಬರಲಿ ಅಂತ ಕಾಯುತ್ತ ಕೂತರೆ ಈಗಿನ ಹುಡುಗರು ಅಪ್ಪಂದಿರಾಗುತ್ತಾರೆ. ಊರಿನಲ್ಲೇ ಆಗುವ ಕೆಲಸಗಳಿವೆ.

ಒಂದು, ಮಕ್ಕಳನ್ನು ಬೀಡಿ, ತಂಬಾಕು ತರಲು ಕಳಿಸುವುದು ಇವತ್ತೇ ನಿಲ್ಲಲಿ. ಅಂಗಡಿಯವರು "ಅಪ್ಪನ್ನ ಕಳಸು" ಅಂದರೆ ಸಾಕು. ಸಿಟ್ಟಿಗೆ ಬರುವ ಅಪ್ಪನಿಗೆ ಕಾನೂನಿನ ಬೋರ್ಡು ತೋರಿಸಲಿ. ಬೋರ್ಡು ಹಾಕುವುದು ಹೇಗೂ ಕಡ್ಡಾಯ.

ಎರಡು, ಗ್ರಾಮ ಪಂಚಾಯಿತಿ ತನ್ನ ಮಳಿಗೆಗಳನ್ನು ಹರಾಜು ಹಾಕುವಾಗ ಕರಾರಿನಲ್ಲೇ ಬರೆಯಲಿ: ಚಿಕ್ಕವರಿಗೆ ತಂಬಾಕು ಮಾರಿದರೆ ಮಳಿಗೆ ವಾಪಸ್. ಪಂಚಾಯಿತಿ ಸದಸ್ಯರೇ ಮಳಿಗೆ ಹಿಡಿದಿದ್ದರೆ ಅವರಿಗೂ ಇದೇ ಕರಾರು.

ಮೂರು, ಮಕ್ಕಳ ಗ್ರಾಮ ಸಭೆಯಲ್ಲಿ ಈ ವಿಷಯ ಬರಲಿ. ಯಾವ ಅಂಗಡಿಯಲ್ಲಿ ಕೇಳದೆ ಕೊಡುತ್ತಾರೆ ಅನ್ನುವುದು ದೊಡ್ಡವರಿಗಿಂತ ಮಕ್ಕಳಿಗೆ ಚೆನ್ನಾಗಿ ಗೊತ್ತು. ಹೇಳಿದ ಮಗುವಿನ ಹೆಸರು ಹೊರಗೆ ಬರದಂತೆ ನೋಡಿಕೊಳ್ಳುವುದು ಪಿಡಿಒ ಮತ್ತು ಮಾಸ್ತರರ ಹೊಣೆ.

ನಾಲ್ಕು, ಸಿಕ್ಕುಬಿದ್ದ ಹುಡುಗನನ್ನು ಹೊಡೆಯಬೇಡಿ, ಸಾಲಿ ಬಿಡಿಸಬೇಡಿ. ಸಾಲಿ ಬಿಟ್ಟರೆ ಅವನು ಹೋಗುವುದು ತಂಬಾಕು ಇನ್ನೂ ಸುಲಭವಾಗಿ ಸಿಗುವ ಜಾಗಕ್ಕೆ. ಚಟ ಬಿಡಿಸಲು ಉಚಿತ ಸಹಾಯವಾಣಿ ಇದೆ: 1800-11-2356. ಬೀಡಿ ಕಟ್ಟಿನ ಮೇಲೂ, ಸಿಗರೇಟ್ ಪಾಕೀಟಿನ ಮೇಲೂ ಇದೇ ನಂಬರ್ ಅಚ್ಚಾಗಿರುತ್ತದೆ. ಮಗನ ಜೊತೆ ಅಪ್ಪನೂ ಫೋನ್ ಮಾಡಬಹುದು.

ಮುಂದಿನ ಗ್ರಾಮ ಸಭೆಗೆ ನಾವು ಹೋಗುತ್ತೇವೆ. ಎರಡನೇ ಬೇಡಿಕೆಯನ್ನು ಬರೆದು ಕೊಡುತ್ತೇವೆ, ಸ್ವೀಕೃತಿ ಕೇಳುತ್ತೇವೆ. ನಿಮ್ಮ ಊರಿನಲ್ಲಿ ನೀವೂ ಕೊಡಿ.